ಸಹಿ ಬೇಡದ ಕಾಗದ

ತೆತ್ವಾನ್, 2 ಅಕ್ಟೋಬರ್ 2023

ಸೀ ಥಾಮಿಗೆ ಘಾಲಿಯ ಸಲಾಮು.

ಹನ್ನೊಂದು ವರ್ಷದ ಮೇಲೆ ನನ್ನ ಕೈಬರಹ ಕಂಡು ಲಕೋಟೆಯನ್ನು ಒಲೆಗೆ ಹಾಕಬೇಕು ಅನ್ನಿಸಿರುತ್ತದೆ. ಹಾಕು, ಬೇಡ ಅನ್ನುವುದಿಲ್ಲ. ಆದರೆ ಒಂದು ಪುಟ ಓದಿ ಆಮೇಲೆ ಹಾಕು.

ಸುದ್ದಿ ನಿನ್ನ ಕಿವಿಗೂ ಬಿದ್ದಿದೆ. ದಸ್ತಾವೇಜು ಬರೆಯುವ ನಮ್ಮ ತೆತ್ವಾನಿನ ಅದೂಲರ ಸಂಘ, ನಿಮ್ಮ ಶಾವೆನ್‌ನ ಸಂಘ ಎರಡೂ ಒಂದಾಗಬೇಕೆಂದು ಹೊರಟಿದ್ದೇವೆ. ಜನವರಿ ಇಪ್ಪತ್ತಕ್ಕೆ ಎರಡೂ ಊರಿನಲ್ಲಿ ಸದಸ್ಯರ ಮತದಾನ. ಪ್ರತಿ ಸಂಘದಲ್ಲೂ ಮೂರರಲ್ಲಿ ಎರಡು ಪಾಲು ಸದಸ್ಯರು ‘ಹೌದು’ ಅನ್ನಬೇಕು. ಒಂದು ಕಡೆ ಕಡಿಮೆಯಾದರೂ ಎಲ್ಲ ನೀರಿನಲ್ಲಿ ಹೋಮ. ನಮ್ಮಲ್ಲಿ ಎಂಬತ್ನಾಲ್ಕು ಜನ, ಅವರನ್ನು ನಾನು ನೋಡಿಕೊಳ್ಳುತ್ತೇನೆ. ನಿಮ್ಮಲ್ಲಿ ಇಪ್ಪತ್ತೇಳು ಜನ. ಅವರಲ್ಲಿ ಇಪ್ಪತ್ತು ಮಂದಿ ನೀನು ಕೆಮ್ಮಿದರೆ ತಾವೂ ಕೆಮ್ಮುವವರು ಅಂತ ಕೇಳಿದ್ದೇನೆ.

ನನಗೋಸ್ಕರ ಮಾಡು ಅಂತ ಕೇಳುವ ಮುಖ ನನಗಿಲ್ಲ. ನಿನ್ನ ಮಗಳಿಗೋಸ್ಕರ ಕೇಳುತ್ತಿದ್ದೇನೆ. ಬತೂಲ್ ಪ್ರಮಾಣವಚನ ತೆಗೆದುಕೊಂಡು ಮೂರು ವರ್ಷವಾಯಿತು. ಇವತ್ತಿನವರೆಗೆ ಒಂದೇ ಒಂದು ದಸ್ತಾವೇಜಿಗೂ ಅವಳ ಸಹಿ ಬಿದ್ದಿಲ್ಲ. ನಮ್ಮ ಕಸುಬಿನಲ್ಲಿ ಒಂಟಿ ಅದೂಲ್ ಅಂದರೆ ಒಂಟಿ ಚಪ್ಪಲಿ. ಮದುವೆಯಿರಲಿ, ಮಾರಾಟವಿರಲಿ, ಆಸ್ತಿಯ ಪಾಲಿರಲಿ, ಇಬ್ಬರು ಪಕ್ಕ ಪಕ್ಕ ಕೂತು ಕೇಳಬೇಕು, ಇಬ್ಬರೂ ಸಹಿ ಹಾಕಬೇಕು. ತಂದೆ ಮಗಳು ಜೋಡಿಯಾಗುವುದಕ್ಕೆ ಕಾನೂನು ಬಿಡುವುದಿಲ್ಲ. ನಿಮ್ಮೂರಿನ ಗಂಡಸರಂತೂ ಹೆಣ್ಣಿನ ಪಕ್ಕ ಕೂರುವುದಿಲ್ಲ. ಇಲ್ಲಿ ಲಲ್ಲಾ ರಖಿಯಾ ಅಂತ ಇನ್ನೊಬ್ಬಳು ಇದೇ ಅವಸ್ಥೆಯಲ್ಲಿದ್ದಾಳೆ. ಸಂಘ ಒಂದಾದರೆ ಜೋಡಿಗಳ ಪಟ್ಟಿಯೂ ಒಂದಾಗುತ್ತದೆ. ಮೂರು ದಿನ ಇಲ್ಲಿ, ಎರಡು ದಿನ ಅಲ್ಲಿ, ಇಬ್ಬರೂ ಜೋಡಿಯಾಗಿ ಕೂರಬಹುದು. ನಿನ್ನ ಮಗಳು ನಿನ್ನ ಮನೆಯಲ್ಲೇ ಇದ್ದುಕೊಂಡು ಕಸುಬು ಮಾಡಬಹುದು.

ಇಪ್ಪತ್ತೆರಡು ವರ್ಷ ಒಂದೇ ಮೇಜಿಗೆ ಕೂತವರು ನಾವು. ಆ ಋಣದ ಮೇಲೆ ಕೇಳುತ್ತಿದ್ದೇನೆ, ಯೋಚನೆ ಮಾಡು.

ನಿನ್ನ ಒಳಿತನ್ನೇ ಬಯಸುವ,
ಘಾಲಿ

—

ಶಾವೆನ್, 29 ಅಕ್ಟೋಬರ್ 2023

ಅಧ್ಯಕ್ಷರಾದ ಘಾಲಿಯವರ ಸನ್ನಿಧಿಗೆ,

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಈಗ ಗ್ಯಾಸು, ಕಾಗದ ಉರಿಸಿದರೆ ಮಗಳು ಬೈಯುತ್ತಾಳೆ. ಇಪ್ಪತ್ತೇಳು ದಿನ ಮೇಜಿನ ಮೇಲಿಟ್ಟುಕೊಂಡು ಬರುವಾಗ ಹೋಗುವಾಗ ನೋಡಿದೆ.

ಋಣ ಅಂದೆಯಾ? ಬಾಯಲ್ಲಿ ಬಂತಾದರೂ ಹೇಗೆ! ಆ ಇಪ್ಪತ್ತೆರಡು ವರ್ಷದ ಕೊನೆಯ ದಿನ ನೆನಪಿದೆಯೋ ನಿನಗೆ? ಎದುರಿಗೆ ಮನೆ ಮಾರುವವರು, ಕೊಳ್ಳುವವರು ಕೂತಿದ್ದರು. ಝಹ್ರಾಳನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಆಸ್ಪತ್ರೆಯಿಂದ ಫೋನು ಬಂತು. “ಏಳೋ ಮಾರಾಯ, ಹೆಂಡತಿ ಹತ್ರ ಹೋಗು. ನಾನು ಕೇಳಿಸ್ಕೋತೀನಿ, ನಾಳೆ ಬಂದು ಸಹಿ ಹಾಕಿದ್ರಾಯ್ತು” ಅಂದವನು ಯಾರು? ನಾನು ಹೋದೆ. ಮಾರನೆಯ ದಿನ ಬಂದು ಸಹಿ ಹಾಕಿದೆ. ಹಾಗೆ ಹಾಕದ ಅದೂಲ್ ತೆತ್ವಾನಿನಲ್ಲಿ ಒಬ್ಬನಿದ್ದರೆ ತೋರಿಸು, ಅವನ ಕೈಗೆ ಮುತ್ತಿಡುತ್ತೇನೆ.

ಆ ಮನೆಯ ಜಗಳ ಕೋರ್ಟು ಹತ್ತಿತು, ಶಿಸ್ತು ಮಂಡಳಿ ನಮ್ಮಿಬ್ಬರನ್ನೂ ಕರೆಯಿತು. “ಥಾಮಿ ಅಲ್ಲಿದ್ದನೋ?” ಅಂದರು. “ಇರಲಿಲ್ಲ” ಅಂದೆ ನೀನು. ಸರಿ, ಸತ್ಯ. “ಹೇಳಿ ಹೋದನೋ, ಹೇಳದೆ ಹೋದನೋ?” ಅಂದರು. ನೀನು ಗೋಡೆ ನೋಡಿದೆ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ನಿನ್ನ ಬಾಯನ್ನೇ ನೋಡುತ್ತಿದ್ದೆ. ನಾನೇ ಎದ್ದು ಕೂಗಿದೆ, “ಇವನೇ ಕಳಿಸಿದ್ದು!” ಅಂತ. ಒಬ್ಬನ ಮಾತು ಸಾಕ್ಷಿಯಲ್ಲ ಅಂದುಬಿಟ್ಟರು. ನಿನಗೆ ಒಂದು ಎಚ್ಚರಿಕೆ ಪತ್ರ, ನನಗೆ ಒಂದು ವರ್ಷದ ಅಮಾನತು. ನನ್ನ ಹೆಸರು ನ್ಯಾಯಾಲಯದ ಬಾಗಿಲಿಗೆ ಅಂಟಿತು. ಝಹ್ರಾ ತೆತ್ವಾನ್ ಬಿಡುವ ದಿನ ಬಾಗಿಲ ಹಿಡಿಯನ್ನೇ ಬಿಡಲಿಲ್ಲ. ಎರಡು ವರ್ಷದ ಮೇಲೆ ಇಲ್ಲಿ ಪರವೂರಿನ ಮಣ್ಣಿನಲ್ಲಿ ಮಲಗಿದಳು. ನೀನು ಮಯ್ಯತ್ತಿಗೂ ಬರಲಿಲ್ಲ.

ಇಷ್ಟನ್ನು ಬರೆಯಬೇಕಿತ್ತು, ಬರೆದೆ. ಈಗ ನಿನ್ನ ಕೋರಿಕೆ. ಮಗಳ ವಿಷಯದಲ್ಲಿ ನೀನು ಹೇಳಿದ್ದು ನಿಜ. ಅವಳು ನನ್ನ ಮಳಿಗೆಯಲ್ಲಿ ಬಂದವರಿಗೆ ಚಹಾ ಬಗ್ಗಿಸುವುದನ್ನು ನೋಡಲಾರೆ. ಶಾವೆನ್‌ನ ಮತ ನಾನು ಕೊಡಿಸುತ್ತೇನೆ. ಒಂದೇ ಷರತ್ತು: ಮತಪತ್ರದ ಕರಡು ನನ್ನ ಕೈಯಲ್ಲಿ ಆಗಬೇಕು. ಎರಡೂ ಊರಿಗೆ ಒಂದೇ ಮತಪತ್ರ, ಒಂದೇ ನಿಯಮ. ನೀವು ತೆತ್ವಾನಿನವರು ಬರೆದರೆ ನಾಳೆ ನಮ್ಮವರು ಮೋಸ ಅನ್ನುತ್ತಾರೆ.

ಒಪ್ಪಿಗೆಯಿದ್ದರೆ ಬರೆ. ಇಲ್ಲದಿದ್ದರೆ ಗೋಡೆ ನೋಡು, ಅಭ್ಯಾಸವಿದೆಯಲ್ಲ.

ಥಾಮಿ

—

ತೆತ್ವಾನ್, 25 ನವೆಂಬರ್ 2023

ಸೀ ಥಾಮಿ,

ನೀನು ಕಳಿಸಿದ ಕರಡು ಸಮಿತಿಯ ಮುಂದೆ ಇಟ್ಟೆ. ಎಲ್ಲರೂ ತಲೆದೂಗಿದರು. ಏನು ಅಚ್ಚುಕಟ್ಟಯ್ಯಾ! ದಸ್ತಾವೇಜಿಗೆ ಬಳಸುವ ಅದೇ ದಪ್ಪ ಕಾಗದ, ಅದೇ ಅಂಚು. ಮೇಲೆ ಅಲ್ಲಾಹನ ಸ್ತುತಿ, ನಡುವೆ ಪ್ರಶ್ನೆ, ‘ಹೌದು’, ‘ಇಲ್ಲ’ ಎರಡು ಚೌಕ, ಕೊನೆಗೆ “ಮೇಲಿನ ದಿನಾಂಕದಂದು ಬರೆಯಲಾಯಿತು” ಅನ್ನುವ ನಮ್ಮ ಮುಕ್ತಾಯದ ಸಾಲು, ಅದರ ಕೆಳಗೆ ಮೂರು ಬೆರಳಷ್ಟು ಖಾಲಿ ಜಾಗ. “ಇದು ಚೀಟಿ ಅಲ್ಲ, ಮರ್ಯಾದಸ್ಥರ ಕಾಗದ” ಅಂದರು ನಮ್ಮ ಹಿರಿಯರೊಬ್ಬರು. ಎಂಬತ್ತು ವರ್ಷದವರು, ಕಣ್ಣಲ್ಲಿ ನೀರು.

ಹನ್ನೊಂದನೆಯ ನಿಯಮವನ್ನೂ ನೀನು ಹೇಳಿದಂತೆಯೇ ಇಟ್ಟಿದ್ದೇವೆ. ಮತ ಗುಪ್ತವಾಗಿರಬೇಕು, ಯಾರದೆಂದು ತಿಳಿಯುವ ಗುರುತು ಮತಪತ್ರದ ಮೇಲಿದ್ದರೆ ಅದು ಅಸಿಂಧು. ನಾನೇ ಸಹಿ ಮಾಡಿ ಹೊರಡಿಸಿದೆ.

ನಿನ್ನ ಅಕ್ಟೋಬರಿನ ಕಾಗದಕ್ಕೆ ಏನು ಉತ್ತರ ಕೊಡಲಿ? ಮುಖತಃ ಸಿಕ್ಕಾಗ ಮಾತಾಡೋಣ. ಬತೂಲ್‌ಳನ್ನು ಇಲ್ಲಿಗೆ ಕಳಿಸಿಕೊಡು, ರಖಿಯಾಳ ಜೊತೆ ಕೆಲವು ವಾರ ಕೂತು ಕೆಲಸದ ರೀತಿ ನೋಡಲಿ. ಸಹಿ ಮಾತ್ರ ಜನವರಿಯ ಮೇಲೆ.

ಹಳೆಯ ಗೆಳೆಯ,
ಘಾಲಿ

—

ತೆತ್ವಾನ್, 14 ಡಿಸೆಂಬರ್ 2023

ಅಪ್ಪಾ,

ಫೋನಿನಲ್ಲಿ ನೀವು “ಹೂಂ, ಹೂಂ” ಅಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವಾದರೆ ಕೊನೆಯವರೆಗೆ ಓದುತ್ತೀರಿ.

ಲಲ್ಲಾ ರಖಿಯಾ ಐವತ್ತು ದಾಟಿದವರು, ಬಾಯಿ ಮಾತ್ರ ಇಪ್ಪತ್ತರದ್ದು. ಮೊನ್ನೆ ಮದುವೆಯ ಕಾಗದಕ್ಕೆ ಅಂತ ಬೆಟ್ಟದ ಕಡೆಯಿಂದ ಒಬ್ಬರು ಬಂದರು. ಮೇಜಿನ ಹಿಂದೆ ಇಬ್ಬರು ಹೆಂಗಸರನ್ನು ನೋಡಿ ಹೊಸ್ತಿಲಲ್ಲೇ ನಿಂತರು. “ಗಂಡಸರು ಯಾರೂ ಇಲ್ವೇನಮ್ಮಾ?” ಅಂದರು. “ನಿಮ್ಮ ಮಗಳಿಗೆ ಒಬ್ಬ ಸಿಕ್ಕಿದ್ದಾನಲ್ಲ ಯಜಮಾನ್ರೇ, ನಮಗೂ ಬೇಕಾ?” ಅಂದರು ರಖಿಯಾ. ಆತ ನಕ್ಕುಬಿಟ್ಟರು! ಕೂತರು, ಚಹಾ ಕುಡಿದರು, ಜನವರಿ ಕಳೆದ ಮೇಲೆ ಬರುತ್ತೇನೆ ಅಂದರು. “ಮೊಮ್ಮಗು ಹುಟ್ಟೋದ್ರೊಳಗೆ ಬನ್ನಿ” ಅಂತ ರಖಿಯಾ ಬಾಗಿಲವರೆಗೆ ಹೋಗಿ ಕೂಗಿದರು.

ನಾವಿಬ್ಬರೂ ತಾಲೀಮಿಗೆ ಸುಳ್ಳು ದಸ್ತಾವೇಜು ಬರೆಯುತ್ತೇವೆ. ಇಲ್ಲದ ಮನೆ, ಇಲ್ಲದ ಗಡಿ. ಕೊನೆಗೆ ನನ್ನ ಹೆಸರಿನ ಜಾಗ ಬಂದಾಗ ಕೈ ನಿಲ್ಲುತ್ತದೆ. ಮೂರು ವರ್ಷ ಅಪ್ಪಾ! ಪ್ರಮಾಣ ಮಾಡಿದ ದಿನ ನೀವು ನನಗೆ ಪೆನ್ನು ಕೊಡಿಸಿದಿರಿ. ಅದರಲ್ಲಿ ಇಷ್ಟು ದಿನ ಬರೆದದ್ದು ತರಕಾರಿ ಪಟ್ಟಿ ಮಾತ್ರ. ಜನವರಿಯಲ್ಲಿ ಈ ಮತ ಬೀಳದಿದ್ದರೆ ನಾನು ಈ ಕಸುಬನ್ನೇ ಬಿಡುತ್ತೇನೆ, ಯಾವುದಾದರೂ ಶಾಲೆಯಲ್ಲಿ ಹಾಜರಿ ಬರೆಯುತ್ತೇನೆ. ಬೆದರಿಕೆಯಲ್ಲ ಇದು, ದಣಿವು.

ಘಾಲಿ ಚಿಕ್ಕಪ್ಪ ದಿನಾ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ನಿಮಗೆ ಅವರ ಮೇಲೆ ಸಿಟ್ಟಿದೆ, ಗೊತ್ತು. ಅವರು ಮಾಡಿದ್ದನ್ನು ನೀವು ಹೇಳಿದಷ್ಟೇ ಬಲ್ಲೆ. ಅಮ್ಮ ಆ ಬಗ್ಗೆ ಒಂದು ದಿನವೂ ಬಾಯಿ ಬಿಡಲಿಲ್ಲ. ಆದರೂ ಇಷ್ಟೆಲ್ಲ ಆದಮೇಲೂ ನೀವು ಅವರ ಜೊತೆ ಕೈಜೋಡಿಸಿದಿರಲ್ಲ, ನನಗೋಸ್ಕರ! ನಿಮ್ಮಂಥ ಅಪ್ಪ ಯಾರಿಗಿದ್ದಾರೆ ಅಂತ ರಖಿಯಾಗೆ ಹೇಳಿದೆ.

ಬಿಸ್ಸಾರ ಗಂಜಿ ಮಾಡಿದರೆ ಎಣ್ಣೆ ಕಡಿಮೆ ಹಾಕಿಕೊಳ್ಳಿ. ಬಿ.ಪಿ. ಮಾತ್ರೆ ಬೆಳಿಗ್ಗೆಯದು, ಸಂಜೆಯದಲ್ಲ.

ನಿಮ್ಮ ಮುದ್ದಿನ,
ಬತೂಲ್

—

ಶಾವೆನ್, 23 ಡಿಸೆಂಬರ್ 2023

ಮಗಳೇ ಬತೂಲ್,

ಕಾಗದ ಬಂತು. ಮಾತ್ರೆ ಬೆಳಿಗ್ಗೆಯೇ ನುಂಗುತ್ತಿದ್ದೇನೆ.

ನೀನು ಆ ಊರಿನ ಮೇಲೆ ಅಷ್ಟು ಆಸೆ ಇಟ್ಟುಕೊಳ್ಳಬೇಡ. ರಖಿಯಾಳ ಮಳಿಗೆಗೆ ಪರದೆ ಹೊಲಿಸಲು ಕೊಟ್ಟಿದ್ದೇನೆ ಅಂತ ನೀನು ಫೋನಿನಲ್ಲಿ ಹೇಳಿದೆ. ಇಷ್ಟು ಬೇಗ ಯಾಕೆ? ಮತದಾನವೆಂದರೆ ಕಲ್ಲಂಗಡಿ ಕೊಂಡ ಹಾಗೆ, ಕೊಯ್ಯುವವರೆಗೂ ಬಣ್ಣ ಗೊತ್ತಾಗುವುದಿಲ್ಲ. ಏನಾದರೂ ನಿನಗೆ ಊಟಕ್ಕೆ ನಾನಿದ್ದೇನೆ, ತಲೆಯ ಮೇಲೆ ಮನೆಯಿದೆ. ನಾನಿರುವ ತನಕ ನಿನಗೆ ಯಾರ ಹಂಗೂ ಬೇಡ.

ಘಾಲಿ ದಿನಾ ಬರುತ್ತಾನೆಯೇ? ಬರಲಿ. ಜೇನು ತುಪ್ಪ ಸವರಿದ ಬಾಯಿ ಅದು, ಆ ಜೇನನ್ನು ನಾನು ಇಪ್ಪತ್ತೆರಡು ವರ್ಷ ನೆಕ್ಕಿದ್ದೇನೆ.

ಇನ್ನೂ ಏನೋ ಬರೆಯಬೇಕು ಅಂತ ಎರಡು ಸಲ ಹಾಳೆ ತೆಗೆದೆ. ಬೇಡ, ನೀನು ಬಂದಾಗ ನೋಡೋಣ. ಚಳಿ ಜಾಸ್ತಿಯಿದೆ, ಉಣ್ಣೆಯ ಜೆಲ್ಲಾಬ ಹಾಕಿಕೋ.

ನಿನ್ನ ಅಪ್ಪ

—

ಶಾವೆನ್, 22 ಜನವರಿ 2024

ಘಾಲಿ,

ಆಹಾ, ಈ ಕಾಗದ ಬರೆಯಲು ಹನ್ನೊಂದು ವರ್ಷ ಕಾದಿದ್ದೇನೆ. ನಿಧಾನವಾಗಿ ಬರೆಯುತ್ತೇನೆ, ನೀನೂ ನಿಧಾನವಾಗಿ ಓದು.

ಮೊದಲು ನಮ್ಮೂರಿನ ಲೆಕ್ಕ. ಇಪ್ಪತ್ತೇಳರಲ್ಲಿ ಇಪ್ಪತ್ತು ‘ಹೌದು’, ಏಳು ‘ಇಲ್ಲ’. ಹದಿನೆಂಟು ಸಾಕಿತ್ತು. ನಾನು ಮಾತು ಕೊಟ್ಟೆ, ಉಳಿಸಿಕೊಂಡೆ. ನಾನೂ ‘ಹೌದು’ ಅಂತಲೇ ಹಾಕಿದೆ. ನನ್ನನ್ನು ಯಾರೂ ಬೆರಳು ಮಾಡಿ ತೋರಿಸುವಂತಿಲ್ಲ.

ಇನ್ನು ನಿಮ್ಮೂರು. ಐವತ್ತಾರು ಬೇಕಿತ್ತು, ನಲವತ್ತೇಳು ಬಂತು. ‘ಇಲ್ಲ’ ಇಪ್ಪತ್ತಮೂರು. ಅಸಿಂಧು ಹದಿನಾಲ್ಕು! ಹದಿನಾಲ್ಕು ಜನ ಮುದುಕರು ಚೌಕಕ್ಕೆ ಗುರುತು ಹಾಕಿ, “ಮೇಲಿನ ದಿನಾಂಕದಂದು ಬರೆಯಲಾಯಿತು” ಅಂತ ಓದಿ, ಕೆಳಗಿನ ಖಾಲಿ ಜಾಗದಲ್ಲಿ ಜೀರುಂಡೆಯ ಹಾಗೆ ಸುರುಳಿ ಸುತ್ತಿದ ತಮ್ಮ ತಮ್ಮ ಸಹಿ ಬಿಡಿಸಿ ಮಡಚಿ ಡಬ್ಬಿಗೆ ಹಾಕಿದರಂತೆ. ಅದರಲ್ಲಿ ಹನ್ನೆರಡು ‘ಹೌದು’ ಅಂತೆ. ಸಹಿ ಹಾಕದಿದ್ದರೆ ಐವತ್ತೊಂಬತ್ತು ಆಗುತ್ತಿತ್ತಲ್ಲವೇ?

ಇದು ಆಕಸ್ಮಿಕ ಅಂದುಕೊಂಡೆಯಾ? ಬೇಕೆಂದೇ ಮಾಡಿದೆ. ನಲವತ್ತು ವರ್ಷ ಕೂತು ಬರೆದ ಅದೂಲನ ಮುಂದೆ ಆ ಕಾಗದ, ಆ ಸಾಲು, ಅದರ ಕೆಳಗೆ ಮೂರು ಬೆರಳು ಜಾಗ ಬಿಟ್ಟರೆ ಅವನು ಸಹಿ ಹಾಕದೆ ಇರಲಾರ. ಕೈ ತಾನೇ ಹೋಗುತ್ತದೆ, ಮುದುಕನಿಗೆ ಗೊತ್ತೂ ಆಗುವುದಿಲ್ಲ. ಹುಡುಗರು ಹಾಕುವುದಿಲ್ಲ, ಅವರಿಗೆ ಆ ಅಭ್ಯಾಸವಿಲ್ಲ. ನಿನ್ನ ಮತವೆಲ್ಲ ಮುದುಕರದು ಅಂತ ನನಗೆ ಗೊತ್ತಿತ್ತು. ನಮ್ಮೂರಿನ ಮುದುಕರಿಗೆ ಮಾತ್ರ ನಾನು ಡಬ್ಬಿಯ ಪಕ್ಕ ನಿಂತು ಒಬ್ಬೊಬ್ಬರಿಗೂ ಹೇಳಿದೆ, “ಸಹಿ ಗಿಹಿ ಬೇಡ, ಕೈ ಬಿಗಿ ಹಿಡಿ” ಅಂತ. ನಿಮ್ಮವರಿಗೆ ಯಾರೂ ಹೇಳಲಿಲ್ಲ. ಗುರುತಿದ್ದರೆ ಅಸಿಂಧು ಅನ್ನುವ ನಿಯಮಕ್ಕೆ ಸಹಿ ಮಾಡಿದವನು ನೀನೇ.

ಎರಡೂ ಊರಿನ ಮೊದಲ ಅಧ್ಯಕ್ಷನಾಗುವವನಿದ್ದೆ, ಅಲ್ಲವೇ? ಹೊಸ ಬರ್ನೂಸು ಹೊಲಿಸಿದ್ದೆ ಅಂತ ಕೇಳಿದೆ. ಮಡಿಚಿ ಪೆಟ್ಟಿಗೆಯಲ್ಲಿಡು, ಹುಳ ತಿನ್ನದಂತೆ ಗುಳಿಗೆ ಹಾಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಕಣೋ. ನೀನು ಹನ್ನೊಂದು ವರ್ಷ ತಡವಾಗಿ ಕುಡಿದೆ, ಅಷ್ಟೇ.

ನನ್ನ ಮಗಳ ಚಿಂತೆ ನೀನು ಮಾಡಬೇಡ. ಅವಳಿಗೆ ಅಪ್ಪನಿದ್ದಾನೆ.

ಹೊಟ್ಟೆ ತಣ್ಣಗಾದ,
ಥಾಮಿ
(ಸಹಿಯನ್ನೂ ಪೂರ್ತಿಯಾಗಿ ಹಾಕಿದ್ದೇನೆ, ಕಣ್ತುಂಬ ನೋಡಿಕೋ)

—

ತೆತ್ವಾನ್, 1 ಫೆಬ್ರವರಿ 2024

ಥಾಮಿ,

ಒಂದು ವಿಷಯ ನಿನ್ನ ಕಿವಿಗೆ ಬಿದ್ದಿಲ್ಲ ಅಂತ ಕಾಣುತ್ತದೆ. ಆ ಹದಿನಾಲ್ಕರಲ್ಲಿ ಒಂದು ನನ್ನದು.

ಹೌದಯ್ಯಾ. ನಿಯಮಕ್ಕೆ ಸಹಿ ಮಾಡಿದವನೇ ಮತಕ್ಕೂ ಸಹಿ ಮಾಡಿದೆ. ಎಣಿಸುವವನು ಹಾಳೆಯನ್ನು ಮೇಲೆತ್ತಿ “ಇದು ಯಾರ ಜೀರುಂಡೆ?” ಅಂದ. ಎಂಬತ್ತಮೂರು ಜನ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ನಗು. ನನ್ನ ಸ್ವಂತ ಅಳಿಯ ಮುಖಕ್ಕೆ ಬರ್ನೂಸಿನ ತುದಿ ಹಿಡಿದುಕೊಂಡು ನಕ್ಕ. ನೀನು ಅಲ್ಲಿರಬೇಕಿತ್ತು, ಇಷ್ಟು ಕಷ್ಟಪಟ್ಟು ಅಡುಗೆ ಮಾಡಿ ಊಟದ ಹೊತ್ತಿಗೆ ಇಲ್ಲದಂತಾಯಿತು.

ಸಾಕೇ? ಈಗ ನನ್ನ ಸರದಿ. ನೀನು ಹೊಡೆದದ್ದು ನನಗೆ ಅಂದುಕೊಂಡಿದ್ದೀಯ. ನನಗೆ ಅರವತ್ತೊಂಬತ್ತು. ಅಧ್ಯಕ್ಷಗಿರಿ ಇಲ್ಲದಿದ್ದರೆ ಮನೆಯಲ್ಲಿ ಕೂತು ಮೊಮ್ಮಕ್ಕಳ ಮೂಗು ಒರೆಸುತ್ತೇನೆ. ನೀನು ಕಲ್ಲು ಎಸೆದದ್ದು ನಿನ್ನ ಮಗಳ ತಟ್ಟೆಗೆ. ಆ ಸಂಜೆ ಅವಳು ರಖಿಯಾಳ ಮಳಿಗೆಯ ಹೊಸ ಪರದೆಯನ್ನು ಕೊಂಡಿಯಿಂದ ಒಂದೊಂದಾಗಿ ಬಿಚ್ಚಿದಳು. ನಾನು ಸಹಾಯ ಮಾಡಲು ಹೋದರೆ “ನೀವು ಕೂತ್ಕೊಳ್ಳಿ ಚಿಕ್ಕಪ್ಪ” ಅಂದಳು. ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು ಕಣೋ ಥಾಮಿ.

ನೀನು ಹನ್ನೊಂದು ವರ್ಷದಿಂದ ಕೇಳುತ್ತಿರುವುದನ್ನು ಈಗ ಕೊಡುತ್ತೇನೆ, ತೆಗೆದುಕೋ. ಹೌದು, ನಾನೇ ನಿನ್ನನ್ನು ಆಸ್ಪತ್ರೆಗೆ ಕಳಿಸಿದೆ. ನಾಳೆ ಬಂದು ಸಹಿ ಹಾಕು ಅಂದವನೂ ನಾನೇ. ಮಂಡಳಿ ಕೇಳಿದಾಗ ಸುಮ್ಮನಾದೆ. ಹೇಳಿದ್ದರೆ ನನಗೂ ಒಂದು ವರ್ಷ ಬೀಳುತ್ತಿತ್ತು. ಆ ವರ್ಷ ಸಂಘದ ಚುನಾವಣೆಗೆ ನಿಂತಿದ್ದೆ. ಅವರು ‘ಹೇಳದೆ ಹೋದ’ ಅಂತ ಬರೆದುಕೊಂಡರು, ನಾನು ತಿದ್ದಲಿಲ್ಲ. ಝಹ್ರಾಳ ಮಯ್ಯತ್ತಿಗೆ ಬರಲು ಟ್ಯಾಕ್ಸಿ ನಿಲ್ದಾಣದವರೆಗೆ ಹೋಗಿದ್ದೆ. ಹತ್ತಲಿಲ್ಲ.

ಇಷ್ಟನ್ನು ಬರೆದದ್ದು ಕ್ಷಮೆ ಕೇಳಲು ಅಲ್ಲ. ನೀನು ಮಾಡಿದ್ದನ್ನು ನೋಡಿದ ಮೇಲೆ ಕ್ಷಮೆ ಕೇಳುವ ಮನಸ್ಸು ಹೊರಟೇಹೋಯಿತು. ನಿನ್ನ ಹೆಮ್ಮೆಯ ಕಾಗದ ನನ್ನ ಮೇಜಿನೊಳಗೆ ಭದ್ರವಾಗಿದೆ, ಸಹಿಯ ಸಮೇತ. ಒಂದು ದಿನ ಅದು ಉಪಯೋಗಕ್ಕೆ ಬರುತ್ತದೆ. ಆಗ ಕಣ್ತುಂಬ ನೋಡುತ್ತೇನೆ.

ಘಾಲಿ

—

ಶಾವೆನ್, 3 ಮಾರ್ಚ್ 2024

ಬತೂಲ್,

ಹೇಳದೆ ಕೇಳದೆ ಹೊರಟುಹೋದೆ. ಚಹಾದ ಲೋಟ ಮೇಜಿನ ಮೇಲೇ ಇತ್ತು, ಅರ್ಧ ಕುಡಿದಿದ್ದೆ. ಮೊದಲು ಅಂಗಡಿಗೆ ಹೋಗಿರಬೇಕು ಅಂದುಕೊಂಡೆ. ಸಂಜೆ ಟ್ಯಾಕ್ಸಿಯ ಡ್ರೈವರು “ನಿಮ್ಮ ಮಗಳನ್ನ ತೆತ್ವಾನಿಗೆ ಬಿಟ್ಟು ಬಂದೆ ಹಾಜೀ” ಅಂದಾಗ ನಾನು ಎಲ್ಲ ಗೊತ್ತಿದ್ದವನ ಹಾಗೆ ತಲೆಯಾಡಿಸಬೇಕಾಯಿತು.

ನೀನು ಘಾಲಿಯ ಮನೆಗೆ ಹೋಗಿದ್ದೆಯಂತೆ. ಅವನ ಹೊಸ್ತಿಲು ತುಳಿಯಲು ನಿನಗೆ ಕಾಲಾದರೂ ಹೇಗೆ ಬಂತು? ಅವನು ಬರೆದ ಲಕೋಟೆಯನ್ನು ನಾನು ಒಡೆದೂ ಇಲ್ಲ, ಬ್ರೆಡ್ಡಿನ ಡಬ್ಬಿಯ ಕೆಳಗೆ ಬಿಸಾಡಿದ್ದೆ. ಗೆದ್ದವನು ಸೋತವನ ಗೋಳು ಯಾಕೆ ಓದಬೇಕು? ಈಗ ನೋಡಿದರೆ ಅದೂ ಅಲ್ಲಿಲ್ಲ.

ನಾನು ಮಾಡಿದ್ದು ನಿನಗೆ ಯಾರೋ ಹೇಳಿರಬೇಕು. ಹೇಳಲಿ. ನಿನ್ನ ತಾಯಿಗೋಸ್ಕರ ಮಾಡಿದೆ. ನಿನಗೆ ಒಂದು ಜೋಡಿ ಇವತ್ತಲ್ಲ ನಾಳೆ ಸಿಗುತ್ತದೆ. ನನಗೆ ಹೋದ ಮರ್ಯಾದೆ ಮತ್ತೆ ಸಿಗುತ್ತದೆಯೇ? ರಂಜಾನ್ ಬರುತ್ತಿದೆ, ಮನೆಗೆ ಬಾ. ಒಬ್ಬನೇ ಹರೀರಾ ಕುಡಿದರೆ ಗಂಟಲಿಗೆ ಇಳಿಯುವುದಿಲ್ಲ.

ನಿನ್ನ ದಾರಿ ಕಾಯುವ,
ಅಪ್ಪ

—

ತೆತ್ವಾನ್, 20 ಮಾರ್ಚ್ 2024, ರಂಜಾನಿನ ಒಂಬತ್ತನೆಯ ದಿನ

ಅಪ್ಪಾ,

ಮಂಡಳಿಯ ತೀರ್ಪಿನ ನೋಟೀಸು ನಿಮಗೆ ಬರುವ ಮೊದಲು ಈ ಕಾಗದ ಬರಲಿ ಅಂತ ಟ್ಯಾಕ್ಸಿಯವರ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ.

ಬ್ರೆಡ್ಡಿನ ಡಬ್ಬಿಯ ಕೆಳಗಿನ ಲಕೋಟೆಯನ್ನು ಒಡೆದವಳು ನಾನು. ನೀವು ನಮಾಜಿಗೆ ಹೋಗಿದ್ದಿರಿ. ಎರಡು ಸಲ ಓದಿದೆ. ಮೊದಲನೆಯ ಸಲ ಅಮ್ಮನಿಗಾಗಿ ಅತ್ತೆ. ಎರಡನೆಯ ಸಲ ನೀವು ಏನು ಮಾಡಿದ್ದೀರಿ ಅನ್ನುವುದು ತಲೆಗೆ ಹೋಯಿತು. ನೀವು ಆ ಮತಪತ್ರವನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬರೆದಿರಿ. ಖಾಲಿ ಜಾಗವನ್ನು ಬೆರಳಿಟ್ಟು ಅಳೆಯುತ್ತಿದ್ದಿರಿ, ನಾನು ಪಕ್ಕದಲ್ಲಿ ನಿಂತು ನಿಮಗೆ ದೀಪ ಹಿಡಿದಿದ್ದೆ, ಕರೆಂಟು ಹೋಗಿತ್ತು. “ಎಷ್ಟು ಚೆನ್ನಾಗಿದೆ ಅಪ್ಪಾ” ಅಂದಿದ್ದೆ. ನೀವು ನಕ್ಕಿರಿ. ಆ ನಗುವನ್ನು ನಾನು ಮರೆತಿಲ್ಲ.

ಘಾಲಿ ಚಿಕ್ಕಪ್ಪನ ಹತ್ತಿರ ಹೋಗಿ “ಅಪ್ಪ ನಿಮಗೆ ಬರೆದ ಕಾಗದ ಕೊಡಿ” ಅಂದೆ. “ಮಂಡಳಿಗೆ ಕೊಡ್ತೀಯೇನಮ್ಮಾ?” ಅಂದರು. “ಹೌದು” ಅಂದೆ. ಎಷ್ಟು ಸಲೀಸಾಗಿ ಕೊಟ್ಟರು ಅಂತೀರಿ! ಬೀಗ ತೆಗೆದು, ಧೂಳು ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು. “ನಾನೇ ಕೊಟ್ರೆ ಸೇಡು ಅಂತಾರೆ, ನೀನು ಕೊಟ್ರೆ ನ್ಯಾಯ” ಅಂದರು. ಅವರ ಕಣ್ಣಿನ ಹೊಳಪು ನೋಡಿದೆ, ನಿಮ್ಮ ನಗುವಿನ ಪಕ್ಕದಲ್ಲೇ ಇಟ್ಟುಕೊಂಡೆ.

ಮೊನ್ನೆ ಸೋಮವಾರ ಮಂಡಳಿ ಸೇರಿತು. ನಿಮಗೂ ಕರೆ ಬಂದಿತ್ತು, ನೀವು ಬರಲಿಲ್ಲ. ಘಾಲಿ ಚಿಕ್ಕಪ್ಪ ಮುಂದಿನ ಸಾಲಿನಲ್ಲಿ ಆ ಹೊಸ ಬರ್ನೂಸು ಹಾಕಿಕೊಂಡು ಕೂತಿದ್ದರು. ನಾನು ಎದ್ದು ನಿಂತು ನಿಮ್ಮ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ. “ಬೇಕೆಂದೇ ಮಾಡಿದೆ” ಅನ್ನುವ ಸಾಲನ್ನು ಮಂಡಳಿಯವರು ಮತ್ತೆ ಓದಿ ಅಂದರು, ಮತ್ತೆ ಓದಿದೆ. ಘಾಲಿ ಚಿಕ್ಕಪ್ಪ ಪಾಪ ಅನ್ನುವವರಂತೆ ತಲೆಯಾಡಿಸುತ್ತ ಕೂತಿದ್ದರು. ಆಮೇಲೆ ನಾನು ಚೀಲಕ್ಕೆ ಕೈ ಹಾಕಿ “ಇನ್ನೊಂದಿದೆ” ಅಂದೆ.

ಅವರಿಗೆ ತಮ್ಮ ಕೈಬರಹ ದೂರದಿಂದಲೇ ಗೊತ್ತಾಯಿತು. “ಅದು ಖಾಸಗಿ ಕಾಗದ ಕಣಮ್ಮಾ! ಅದನ್ನ ಓದೋ ಹಾಗಿಲ್ಲ!” ಅಂತ ಎದ್ದರು.

“ಇದೂ ಖಾಸಗಿನೇ ಆಗಿತ್ತಲ್ಲ ಚಿಕ್ಕಪ್ಪ. ಆಗ ಯಾಕೆ ಸುಮ್ನಿದ್ರಿ?” ಅಂದೆ.

ಹಿಂದಿನ ಸಾಲಿನಿಂದ ರಖಿಯಾ “ಓದೇ, ಓದು!” ಅಂತ ಕೂಗಿದರು. ಓದಿದೆ. ಆಸ್ಪತ್ರೆ, ಗೋಡೆ, ‘ಹೇಳದೆ ಹೋದ’, ಚುನಾವಣೆ, ಟ್ಯಾಕ್ಸಿ ನಿಲ್ದಾಣ, ಒಂದನ್ನೂ ಬಿಡಲಿಲ್ಲ. ಮಂಡಳಿಯ ಹಿರಿಯರು ಎರಡೂ ಕಾಗದಗಳನ್ನು ಪಕ್ಕ ಪಕ್ಕ ಇಟ್ಟು, ಎರಡೂ ಸಹಿ ನೋಡಿ, ಇನ್ನು ಬೇರೆ ಸಾಕ್ಷಿ ಬೇಡ ಅಂದರು.

ತೀರ್ಪು ಹೀಗಿದೆ. ಜನವರಿಯ ಮತದಾನ ರದ್ದು. ನಿಮ್ಮ ಹಳೆಯ ಅಮಾನತಿನ ಕಡತದಲ್ಲಿ ‘ಹೇಳದೆ ಹೋದ’ ಅನ್ನುವುದನ್ನು ಹೊಡೆದು ‘ಜೊತೆಗಾರನೇ ಕಳಿಸಿದ’ ಅಂತ ಬರೆದಿದ್ದಾರೆ. ನಿಮ್ಮ ಮರ್ಯಾದೆ ಸಿಕ್ಕಿತು, ನಾನು ಕೇಳಿ ಕೊಡಿಸಿದೆ, ಇಟ್ಟುಕೊಳ್ಳಿ. ಅದೇ ಹಾಳೆಯ ಕೆಳಗೆ ಸಹೋದ್ಯೋಗಿಗಳ ಮತವನ್ನು ಬೇಕೆಂದೇ ಕೆಡಿಸಿದ್ದಕ್ಕೆ ನಿಮಗೆ ಮತ್ತೊಂದು ವರ್ಷದ ಅಮಾನತು. ಸಾಕ್ಷಿ ಮುಚ್ಚಿಟ್ಟದ್ದಕ್ಕೆ ಘಾಲಿ ಚಿಕ್ಕಪ್ಪನಿಗೂ ಒಂದು ವರ್ಷ. ಅವರು ಅಲ್ಲೇ ರಾಜೀನಾಮೆ ಬರೆದುಕೊಟ್ಟರು. ಹೊರಗೆ ಮೆಟ್ಟಿಲ ಮೇಲೆ ನನ್ನನ್ನು ತಡೆದು “ನಿಮ್ಮಮ್ಮ ಇದ್ದಿದ್ರೆ ಹೀಗೆ ಮಾಡ್ತಿರ್ಲಿಲ್ಲ ಕಣೇ” ಅಂದರು. “ಅಮ್ಮ ಇದ್ದಿದ್ರೆ ನಿಮ್ಮಿಬ್ರಿಗೂ ಪೊರಕೆ ತಗೊಳ್ತಿದ್ಲು” ಅಂದೆ. ನನಗೆ ಪಶ್ಚಾತ್ತಾಪ ಆಗಬೇಕಿತ್ತು, ಆಗಲಿಲ್ಲ. ರಖಿಯಾಳ ಮನೆಗೆ ಹೋಗಿ ಹೊಟ್ಟೆ ತುಂಬ ಇಫ್ತಾರ್ ಮಾಡಿ ಮಲಗಿದೆ.

ನೀವು ಅಮ್ಮನಿಗೋಸ್ಕರ ಅಂದಿರಿ. ಅವರು ನನಗೋಸ್ಕರ ಅಂದರು. ಇಷ್ಟು ತಿಂಗಳು ನಾನು ಇಬ್ಬರ ಬಾಯಲ್ಲೂ ಇದ್ದೆ, ಯಾರ ಪಕ್ಕದ ಕುರ್ಚಿಯಲ್ಲೂ ಇರಲಿಲ್ಲ.

ಮನೆಗೆ ಈಗ ಬರುವುದಿಲ್ಲ. ಹರೀರಾಕ್ಕೆ ಕಡಲೆ ನೆನೆಹಾಕುವುದನ್ನು ಪಕ್ಕದ ಮನೆಯ ಫತ್ತೂಮಾಗೆ ಹೇಳಿದ್ದೇನೆ, ದಿನಾ ಸಂಜೆ ಒಂದು ಪಾತ್ರೆ ತಂದುಕೊಡುತ್ತಾರೆ.

ಮರುಮತದಾನ ಏಪ್ರಿಲ್ 27ಕ್ಕೆ, ಶನಿವಾರ. ಈ ಸಲ ಮತಪತ್ರ ಅಂಗೈಯಗಲದ ಬಿಳಿ ಚೀಟಿ, ಸಹಿಗೆ ಜಾಗವೇ ಇಲ್ಲ. ಎರಡೂ ಊರಿನ ಮತದಾರರ ಪಟ್ಟಿಯಿಂದ ಎರಡು ಹೆಸರು ತೆಗೆದಿದ್ದಾರೆ, ನಿಮ್ಮದು ಮತ್ತು ಅವರದು. ಹಾಗೆ ತೆಗೆಯಬೇಕೆಂದು ಅರ್ಜಿ ಕೊಟ್ಟವಳು ನಾನೇ.

ಬತೂಲ್